ಸಹಾಯ ಬೇಕು: ಟರ್ಬೈನ್ ಅಲಗಿನ ತುದಿಯ ಅಂತರದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಜೆಟ್ ಎಂಜಿನ್ನಿನ ಭಾಗಗಳ ಬಗ್ಗೆ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಫ್ಯಾನ್, ಕಂಪ್ರೆಸರ್, ದಹನಕೋಶದ ಭಾಗಗಳು ಮುಗಿದಿವೆ. ದಹನಕೋಶದ ಬಿಸಿ ಅನಿಲ ಮೊದಲು ತಿರುಗಿಸುವ, ಅಲಗುಗಳಿರುವ ಚಕ್ರ, ಅಂದರೆ ಅಧಿಕ ಒತ್ತಡದ ಟರ್ಬೈನ್ ಬಳಿ ಬಂದು ನಿಂತುಬಿಟ್ಟಿದ್ದೇನೆ.

ಅಲಗು ಬದುಕುಳಿಯುವ ಬಗೆ ಅರ್ಥವಾಗಿದೆ. ಆಧುನಿಕ ಎಂಜಿನ್‌ಗಳಲ್ಲಿ ಅದಕ್ಕೆ ಬಡಿಯುವ ಅನಿಲ 1500 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ; ಅಲಗಿನ ನಿಕ್ಕಲ್ ಮಿಶ್ರಲೋಹ ಅದಕ್ಕೂ ಮೊದಲೇ ಕರಗಬೇಕು. ಆದರೆ ಕಂಪ್ರೆಸರ್‌ನಿಂದ ತಂದ ಗಾಳಿ ಅಲಗಿನ ಒಳಕಾಲುವೆಗಳಲ್ಲಿ ಹರಿದು, ಸಣ್ಣ ರಂಧ್ರಗಳಿಂದ ಹೊರಬಂದು, ಮೈಮೇಲೆ ತೆಳು ಪದರವಾಗಿ ಹರಡಿ ಕಾಪಾಡುತ್ತದೆ. ಆ ಗಾಳಿಯೂ ನೂರಾರು ಡಿಗ್ರಿ ಬಿಸಿ ಎಂಬುದು ನನಗೆ ಇಂದಿಗೂ ಬೆರಗು. ಶಾಖ ತಡೆಯುವ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಲೇಪನ, ಇಡೀ ಅಲಗನ್ನು ಒಂದೇ ಸ್ಫಟಿಕವಾಗಿ ಎರೆಯುವ ಏಕಸ್ಫಟಿಕ ಎರಕದ ವಿವರವನ್ನೂ ಬರೆದಿದ್ದೇನೆ.

ತೊಡಕಿರುವುದು ಅಲಗಿನ ತುದಿಗೂ ಹೊರಕವಚಕ್ಕೂ ನಡುವಿನ ಅಂತರದಲ್ಲಿ. ಅದು ಹೆಚ್ಚಾದರೆ ಅನಿಲ ಕೆಲಸ ಮಾಡದೆ ಸೋರುತ್ತದೆ, ಇಂಧನ ಹೆಚ್ಚು ಬೇಕಾಗುತ್ತದೆ; ಕಡಿಮೆಯಾದರೆ ತುದಿ ಉಜ್ಜುತ್ತದೆ. ವೇಗ ಏರಿದ ಕೂಡಲೇ ಕೇಂದ್ರಾಪಗಾಮಿ ಬಲದಿಂದ ಅಲಗು ಮತ್ತು ಅಲಗುಗಳನ್ನು ಹೊತ್ತ ಡಿಸ್ಕ್ ಹಿಗ್ಗುತ್ತವೆ. ತೆಳುವಾದ ಕವಚ ಬೇಗ ಬಿಸಿಯಾಗುತ್ತದೆ, ಭಾರವಾದ ಡಿಸ್ಕ್ ನಿಧಾನವಾಗಿ. ವೇಗ ಇಳಿಸಿದಾಗ ಕವಚ ಬೇಗ ಕುಗ್ಗುತ್ತದೆ, ಡಿಸ್ಕ್ ಇನ್ನೂ ಬಿಸಿಯಾಗಿರುತ್ತದೆ. ಆಗಲೇ ಮತ್ತೆ ವೇಗ ಏರಿಸಿದರೆ ತುದಿ ಉಜ್ಜುವ ಅಪಾಯ.

ಇದನ್ನು ಕಾಲಕ್ಕೆ ತಕ್ಕಂತೆ ಲೆಕ್ಕ ಹಾಕಬೇಕಿದೆ. ಇಡೀ ಡಿಸ್ಕಿಗೆ ಒಂದೇ ಸರಾಸರಿ ಉಷ್ಣತೆ ಹಿಡಿದರೆ ಸಾಕೇ, ಅಥವಾ ಅಂಚು ಮತ್ತು ನಡುಭಾಗವನ್ನು ಬೇರೆಬೇರೆಯಾಗಿ ನೋಡಲೇಬೇಕೇ? ಎಂಜಿನ್ ವೇಗ ಬದಲಾಗದ ಸಮಸ್ಥಿತಿಯ ಹಾರಾಟದಲ್ಲಿ ಕವಚದ ಮೇಲೆ ತಂಪು ಗಾಳಿ ಹಾಯಿಸಿ ಅಂತರ ಕುಗ್ಗಿಸುವುದನ್ನು ಅದೇ ಸಮೀಕರಣದಲ್ಲಿ ಸೇರಿಸುವುದು ಹೇಗೆ? ಕೈಬರಹದ ಲೆಕ್ಕದ ಚಿತ್ರ ಹಾಕಿದರೂ ಸಾಕು, ಕೂತು ಬಿಡಿಸಿಕೊಳ್ಳುತ್ತೇನೆ.