ಕುರ್ತಿ ಮಾರಾಟದ ಸಣ್ಣ ಉದ್ಯಮ: ಮೂರು ಲಕ್ಷ ರೂಪಾಯಿಯಲ್ಲಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಹಿರಿಯಡ್ಕದಿಂದ): ನಮಸ್ಕಾರ ಮೇಡಂ. ನಾನು ಹಲವು ವರ್ಷಗಳಿಂದ ಮನೆಯಲ್ಲೇ ರವಿಕೆ, ಚೂಡಿದಾರ್ ಹೊಲಿದು ಕೊಡುತ್ತಿದ್ದೇನೆ. ಈಗ ನನ್ನದೇ ಹೆಸರಿನಲ್ಲಿ ಹತ್ತಿಬಟ್ಟೆಯ ಕುರ್ತಿಗಳನ್ನು ಸಿದ್ಧಪಡಿಸಿ ಮಾರಬೇಕೆಂದಿದ್ದೇನೆ. ಕೈಯಲ್ಲಿ ಮೂರು ಲಕ್ಷ ರೂಪಾಯಿ ಉಳಿತಾಯವಿದೆ. ಹನ್ನೆರಡು ಡಿಸೈನ್‌ಗಳನ್ನು ಎಸ್‌ನಿಂದ ತ್ರಿಬಲ್ ಎಕ್ಸೆಲ್‌ವರೆಗೆ ಆರು ಸೈಜ್‌ಗಳಲ್ಲಿ ಹೊಲಿಸುವ ಯೋಚನೆಯಿದೆ. ಉಡುಪಿ ಪೇಟೆಯಲ್ಲಿ ಸಣ್ಣ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದರೆ ಒಳ್ಳೆಯದೆಂದು ಮನೆಯವರು ಹೇಳುತ್ತಾರೆ. ತಮ್ಮ ಸಲಹೆ ಏನು?

ಉತ್ತರ: ನಮಸ್ಕಾರ. ಅಂಗಡಿಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಮುಂಗಡ, ಕಪಾಟು, ದೀಪ, ನಾಮಫಲಕ ಇವಿಷ್ಟಕ್ಕೇ ನಿಮ್ಮ ಗಂಟಿನ ದೊಡ್ಡ ಪಾಲು ಕರಗಿಹೋಗುತ್ತದೆ. ಹನ್ನೆರಡು ಡಿಸೈನ್‌ಗಳಿಂದ ಅಂಗಡಿ ತುಂಬುವುದೂ ಇಲ್ಲ.

ಮೊದಲು ಒಂದು ಕುರ್ತಿಯ ಅಸಲು ಬೆಲೆಯನ್ನು ಕಾಗದದ ಮೇಲೆ ಬರೆಯಿರಿ. ಉದಾಹರಣೆಗೆ, ಮೀಟರಿಗೆ 140 ರೂಪಾಯಿಯ ಬಟ್ಟೆ ಎರಡೂವರೆ ಮೀಟರ್ ಬೇಕಾದರೆ 350 ರೂಪಾಯಿ, ಕಟ್ಟಿಂಗ್ ಮತ್ತು ಹೊಲಿಗೆಗೆ 180, ನೂಲು, ಗುಂಡಿ, ಕ್ಯಾನ್ವಾಸ್ ಹಾಗೂ ಲೇಬಲ್‌ಗೆ 25, ಇಸ್ತ್ರಿ ಮತ್ತು ಕವರಿಗೆ 20, ಕೆಟ್ಟುಹೋಗುವ ಪೀಸುಗಳ ಬಾಬ್ತು 30, ಒಟ್ಟು 605 ರೂಪಾಯಿ. ಹನ್ನೆರಡು ಡಿಸೈನ್, ಆರು ಸೈಜ್ ಎಂದರೆ ಎಪ್ಪತ್ತೆರಡು ಬಗೆಯ ಸರಕಾಯಿತು. ಪ್ರತಿಯೊಂದರಲ್ಲೂ ಐದೇ ಪೀಸು ಹೊಲಿಸಿದರೂ 360 ಪೀಸು, ಅಂದರೆ 2,17,800 ರೂಪಾಯಿ ಬಟ್ಟೆಯ ರೂಪದಲ್ಲಿ ಕಟ್ಟಿಬಿದ್ದಂತೆ. ಕುರ್ತಿ ಎಷ್ಟೇ ಚೆನ್ನಾಗಿರಲಿ, ಯಾವ ಸೈಜ್ ಉಳಿದುಹೋಗುತ್ತದೆ ಎಂಬುದು ಮಾರಾಟಕ್ಕೆ ಮೊದಲು ಯಾರಿಗೂ ತಿಳಿಯುವುದಿಲ್ಲ. ಸಣ್ಣ ಉಡುಪು ಉದ್ಯಮಗಳು ನಿಂತುಹೋಗುವುದು ಹೆಚ್ಚಾಗಿ ಇಲ್ಲಿಯೇ, ಉಳಿದ ಸೈಜ್‌ಗಳ ಕಟ್ಟಿನಲ್ಲಿ.

ಇದೇ ಕುರ್ತಿಗೆ 1,299 ರೂಪಾಯಿ ಎಂ.ಆರ್.ಪಿ. ಹಾಕಿ, ಅಂಗಡಿಯವರಿಗೆ ಶೇಕಡಾ 35 ಬಿಟ್ಟುಕೊಟ್ಟರೆ ನಿಮಗೆ ಸಿಗುವುದು 844 ರೂಪಾಯಿ, ಉಳಿಯುವುದು 239. ಒಂದು ಡಿಸೈನ್‌ನಲ್ಲಿ ಇಪ್ಪತ್ತನಾಲ್ಕು ಪೀಸು ಮಾಡಿಸಿದರೆ 14,520 ರೂಪಾಯಿ ಹಾಕಿದಂತಾಯಿತು. ಅದರಲ್ಲಿ ಹದಿನೇಳು ಪೀಸು ಮಾರಾಟವಾಗಿ ಏಳು ಉಳಿದರೆ ಬರುವ ಹಣ 14,348, ಅಂದರೆ ಅಸಲೂ ಹುಟ್ಟುವುದಿಲ್ಲ. ನೀವೇ ನೇರವಾಗಿ ಗಿರಾಕಿಗೆ ಮಾರಿದರೆ ಕೊರಿಯರ್ ಮತ್ತು ಪ್ಯಾಕಿಂಗಿಗೆ ನೂರು ರೂಪಾಯಿ ಕಳೆದರೂ ಪೀಸಿಗೆ 594 ರೂಪಾಯಿ ಉಳಿಯುತ್ತದೆ. ಆದ್ದರಿಂದ ಮೊದಲ ಸುತ್ತನ್ನು ನೇರವಾಗಿಯೇ ಮಾರುವುದು ಲೇಸು.

ನನ್ನ ಸಲಹೆ ಮೂರೇ ಡಿಸೈನ್. ಎಂ, ಎಲ್, ಎಕ್ಸೆಲ್, ಡಬಲ್ ಎಕ್ಸೆಲ್ ಎಂಬ ನಾಲ್ಕೇ ಸೈಜ್. ಪ್ರತಿ ಡಿಸೈನ್‌ನಲ್ಲೂ ಎಲ್ ಮತ್ತು ಎಕ್ಸೆಲ್ ಎಂಟೆಂಟು, ಉಳಿದವು ನಾಲ್ಕು ನಾಲ್ಕು. ಒಟ್ಟು ಎಪ್ಪತ್ತೆರಡು ಪೀಸಿಗೆ 43,560 ರೂಪಾಯಿ ಸಾಕಾಗುತ್ತದೆ. ಇಷ್ಟು ವರ್ಷ ಹೊಲಿದುಕೊಟ್ಟವರ ಅಳತೆ ಪುಸ್ತಕ ನಿಮ್ಮಲ್ಲಿರಬೇಕಲ್ಲ, ಸೈಜ್ ಚಾರ್ಟನ್ನು ಅಂತರ್ಜಾಲದಿಂದ ಎತ್ತಿಕೊಳ್ಳದೆ ಆ ಪುಸ್ತಕದಿಂದಲೇ ತಯಾರಿಸಿ. ನಮ್ಮೂರ ಹೆಂಗಸರ ಎದೆ, ತೋಳು, ಸೊಂಟದ ನಿಜವಾದ ಅಳತೆಗಳು ಅದರಲ್ಲಿವೆ. ದೊಡ್ಡ ಬ್ರ್ಯಾಂಡ್‌ಗಳಿಗೂ ಸುಲಭವಾಗಿ ಸಿಗದ ಆಸ್ತಿ ಅದು.

ಇನ್ನು ಬಟ್ಟೆಯ ವಿಷಯ. ಈರೋಡ್‌ನಿಂದ ತರಿಸಿ, ಬೆಂಗಳೂರಿನ ಚಿಕ್ಕಪೇಟೆಯಿಂದ ತನ್ನಿ, ಯಾವುದೇ ಆಗಲಿ, ಬಟ್ಟೆಯ ಸುರುಳಿ ಬಿಚ್ಚಿ ಕತ್ತರಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಬಟ್ಟೆಯ ಮೇಲೆ ಉದ್ದಕ್ಕೂ ಅಗಲಕ್ಕೂ ಸರಿಯಾಗಿ 50 ಸೆಂಟಿಮೀಟರಿನ ಚೌಕವನ್ನು ಅಳಿಯದ ಶಾಯಿಯಿಂದ ಗುರುತು ಮಾಡಿ, ಸುತ್ತ ಸ್ವಲ್ಪ ಬಿಟ್ಟು ಕತ್ತರಿಸಿ, ಮನೆಯಲ್ಲಿ ಒಗೆಯುವ ಹಾಗೆಯೇ ಒಗೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಮತ್ತೆ ಅಳೆಯಿರಿ. ಉದ್ದ 48ಕ್ಕೆ ಇಳಿದಿದ್ದರೆ ಬಟ್ಟೆ ಶೇಕಡಾ ನಾಲ್ಕು ಕುಗ್ಗುತ್ತದೆ. 44 ಇಂಚು ಉದ್ದದ ಕುರ್ತಿ ಗಿರಾಕಿಯ ಮನೆಯ ಮೊದಲ ಒಗೆತಕ್ಕೇ 42 ಇಂಚಿನ ಹತ್ತಿರ ಬರುತ್ತದೆ. ಅಂಥ ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಬೇಕು, ಇಲ್ಲವೇ ಕಟ್ಟಿಂಗ್‌ನಲ್ಲಿ ಅಷ್ಟು ಹೆಚ್ಚಿಗೆ ಬಿಡಬೇಕು. ಜೊತೆಗೆ ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಕಡು ಕೆಂಪು, ನೀಲಿಗಳನ್ನು ನಾನು ಈ ಪರೀಕ್ಷೆಯಿಲ್ಲದೆ ಒಳಗೆ ಸೇರಿಸುವುದೇ ಇಲ್ಲ.

ಪ್ರಶ್ನೆ (ಮಂಗಳೂರಿನಿಂದ): ಮೇಡಂ, ನಾನು ಇನ್‌ಸ್ಟಾಗ್ರಾಂ ಮೂಲಕ ಮಾರಬೇಕೆಂದಿದ್ದೇನೆ. ನಮ್ಮ ಸಂಬಂಧಿಕರು ಮುಂಬೈಯಲ್ಲಿ ಬಹಳ ಮಂದಿ ಇದ್ದಾರೆ, ಅಲ್ಲಿಂದಲೇ ಮೊದಲ ಆರ್ಡರ್‌ಗಳು ಬರಬಹುದು. 40 ಲಕ್ಷದವರೆಗೆ ಜಿಎಸ್‌ಟಿ ಬೇಡವೆಂದು ಕೇಳಿದ್ದೇನೆ, ಸರಿಯೇ?

ಉತ್ತರ: ಅರ್ಧ ಸರಿ. ಸರಕುಗಳನ್ನು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಈ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ. ನೀವು ಮುಂಬೈಗೆ ಒಂದು ಕುರ್ತಿ ಕಳುಹಿಸಿದರೂ ಅದು ಅಂತರರಾಜ್ಯ ಪೂರೈಕೆಯಾಗುತ್ತದೆ, ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಣಿ ಬೇಕಾಗುತ್ತದೆ. ಮುಂಬೈ ಹಾಗಿರಲಿ, ತಲಪಾಡಿ ದಾಟಿ ಮಂಜೇಶ್ವರಕ್ಕೆ ಕಳುಹಿಸುವ ಪಾರ್ಸೆಲ್ ಕೂಡ ಕಾನೂನಿನ ಲೆಕ್ಕದಲ್ಲಿ ಹೊರರಾಜ್ಯದ್ದೇ. ನಮ್ಮ ಊರಿನವರು ಈ ಒಂದು ಅಂಶವನ್ನು ಮರೆಯುವುದು ಸಾಮಾನ್ಯ.

ದೊಡ್ಡ ಆನ್‌ಲೈನ್ ಮಾರುಕಟ್ಟೆ ತಾಣಗಳ ಮೂಲಕ ಮಾರುವವರಿಗೆ ಹಿಂದೆ ನೋಂದಣಿ ಎಲ್ಲ ಸಂದರ್ಭದಲ್ಲೂ ಬೇಕಿತ್ತು. 2023ರ ಅಕ್ಟೋಬರ್ 1ರಿಂದ, ವಹಿವಾಟಿನ ಮಿತಿಯೊಳಗಿರುವ ಸಣ್ಣ ಮಾರಾಟಗಾರರು ರಾಜ್ಯದೊಳಗೆ ಮಾತ್ರ ಮಾರುವುದಾದರೆ ನೋಂದಣಿಯಿಲ್ಲದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದು ಮಾರಬಹುದು. ಸಣ್ಣ ವ್ಯಾಪಾರಿಗಳಿಗಾಗಿ ಇರುವ ಸರಳ ತೆರಿಗೆಯ ಕಾಂಪೊಸಿಷನ್ ಯೋಜನೆಯಲ್ಲಿ ವಹಿವಾಟಿನ ಶೇಕಡಾ ಒಂದರಷ್ಟು ತೆರಿಗೆ ಕಟ್ಟಿ ನಿರಾಳವಾಗಿರಬಹುದಾದರೂ, ಅಲ್ಲಿಯೂ ಹೊರರಾಜ್ಯ ಮಾರಾಟಕ್ಕೆ ಅವಕಾಶವಿಲ್ಲ, ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತೆಯೂ ಇಲ್ಲ. ಮುಂಬೈ ಗಿರಾಕಿಗಳೇ ನಿಮ್ಮ ಆಧಾರವಾಗಿದ್ದರೆ ಸಾಮಾನ್ಯ ನೋಂದಣಿಯನ್ನೇ ಮಾಡಿಸಿ. ಬಟ್ಟೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಹಿಂದಕ್ಕೆ ಲೆಕ್ಕ ಹಾಕಿಕೊಳ್ಳಬಹುದು. 2025ರ ಸೆಪ್ಟೆಂಬರ್ 22ರಿಂದ ಪೀಸಿಗೆ 2,500 ರೂಪಾಯಿವರೆಗಿನ ಉಡುಪಿಗೆ ಶೇಕಡಾ 5, ಅದಕ್ಕಿಂತ ಹೆಚ್ಚಿನ ಬೆಲೆಯದಕ್ಕೆ ಶೇಕಡಾ 18 ತೆರಿಗೆಯಿದೆ. ಹಾಗಾಗಿ 2,600 ರೂಪಾಯಿಯ ಕುರ್ತಿ ಎಂಬುದು ಯಾರಿಗೂ ಲಾಭವಿಲ್ಲದ ಬೆಲೆ.

ಪ್ರಶ್ನೆ (ಕಾರ್ಕಳದಿಂದ): ಉಡುಪಿ ಸೀರೆಯ ಕೈಮಗ್ಗದ ಬಟ್ಟೆಯಿಂದ ಕುರ್ತಿ, ಷರ್ಟ್ ಹೊಲಿಸಿ ಅದೇ ಹೆಸರಿನಲ್ಲಿ ಮಾರಬಹುದೇ?

ಉತ್ತರ: ಯೋಚನೆ ಒಳ್ಳೆಯದು, ಹೆಸರಿನ ಬಗ್ಗೆ ಎಚ್ಚರಿಕೆ ಬೇಕು. ಉಡುಪಿ ಸೀರೆಗೆ ಭೌಗೋಳಿಕ ಸೂಚಕದ (ಜಿ.ಐ., ಒಂದು ಪ್ರದೇಶದ ವಿಶಿಷ್ಟ ಸರಕಿನ ಹೆಸರಿಗೆ ಸಿಗುವ ಕಾನೂನು ರಕ್ಷಣೆ) ಮಾನ್ಯತೆಯಿದೆ. 1999ರ ಕಾಯ್ದೆಯ ಪ್ರಕಾರ ಅಂಥ ಹೆಸರನ್ನು ಸರಕಿನ ಮೇಲೆ ಬಳಸುವ ಹಕ್ಕು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರದು. ಆ ಮಾನ್ಯತೆ ಸೀರೆಗೆ ಇರುವಂಥದ್ದು, ಅದನ್ನು ಕತ್ತರಿಸಿ ಹೊಲಿದ ಷರ್ಟಿಗೆ ತಾನಾಗಿ ಬರುವುದಿಲ್ಲ. ಬಟ್ಟೆ ಯಾವ ನೇಕಾರರ ಸಹಕಾರಿ ಸಂಘದಿಂದ ಬಂದದ್ದು ಎಂದು ನಿಜವನ್ನು ಲೇಬಲ್‌ನಲ್ಲಿ ಬರೆಯಲು ಸಂಘದ ಒಪ್ಪಿಗೆ ಪಡೆಯಿರಿ. ಕೈಮಗ್ಗದ್ದೇ ಎಂದು ತೋರಿಸಲು 2006ರಲ್ಲಿ ಆರಂಭವಾದ ಹ್ಯಾಂಡ್‌ಲೂಮ್ ಮಾರ್ಕ್ ಕೂಡ ಇದೆ.

ಸೀರೆಯನ್ನೇ ಕೊಂಡು ಕತ್ತರಿಸುವುದು ಕೈ ಕಚ್ಚುವ ದಾರಿ. ಸೆರಗು ಮತ್ತು ಅಂಚುಗಳಿಗೆ ಹಣ ಕೊಟ್ಟು, ಅವನ್ನೇ ಪಕ್ಕಕ್ಕೆ ಹಾಕಬೇಕಾಗುತ್ತದೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥ ಕಡೆಗೆ ಹೋಗಿ, ಅಂಚಿಲ್ಲದ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ನೇಯ್ದುಕೊಡಲು ಸಾಧ್ಯವೇ ಎಂದು ವಿಚಾರಿಸಿ. ಆದರೆ ಮಗ್ಗದ ವೇಗ ಮಗ್ಗದ್ದೇ. ಹಾಸು (ಮಗ್ಗದ ಉದ್ದ ನೂಲು) ಹೂಡುವುದು, ನೂಲಿಗೆ ಬಣ್ಣ ಕಟ್ಟುವುದು ಎಲ್ಲವೂ ಸೇರಿದರೆ ತಿಂಗಳುಗಳ ಮುಂಚೆಯೇ ಬೇಡಿಕೆ ಕೊಟ್ಟಿರಬೇಕು, ಮುಂಗಡವನ್ನೂ ಕೊಡಬೇಕು. ಚೌಕಾಶಿ ಮಾಡಿ ನೇಕಾರರ ಕೂಲಿಯನ್ನು ಇಳಿಸುವ ಆಲೋಚನೆಯಿದ್ದರೆ ದಯವಿಟ್ಟು ಈ ಬಟ್ಟೆಯ ಕಡೆಗೆ ಹೋಗಬೇಡಿ. ಈಗಲೇ ಮಗ್ಗ ಬಿಟ್ಟುಹೋಗುವವರೇ ಹೆಚ್ಚು.

ಮರುಪ್ರಶ್ನೆ (ಹಿರಿಯಡ್ಕದಿಂದ): ತುಂಬಾ ಉಪಕಾರ ಮೇಡಂ. ಉಡುಪಿಯ ಒಂದು ಅಂಗಡಿಯವರು ನನ್ನ ಮಾದರಿ ಪೀಸು ನೋಡಿ ಮೆಚ್ಚಿದರು. ಆದರೆ ಸರಕು ಇಟ್ಟುಹೋಗಿ, ಮಾರಾಟವಾದ ಮೇಲೆ ಹಣ ಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ? ಮೊದಲ ಸರಕನ್ನು ಯಾವ ತಿಂಗಳಿಗೆ ಸಿದ್ಧಮಾಡಲಿ?

ಉತ್ತರ: ಹನ್ನೆರಡು ಪೀಸಿಗಿಂತ ಹೆಚ್ಚು ಇಡಬೇಡಿ. ಡೆಲಿವರಿ ಚಲನ್‌ನಲ್ಲಿ ಡಿಸೈನ್, ಸೈಜ್, ದರ ಬರೆದು ಸಹಿ ಹಾಕಿಸಿಕೊಳ್ಳಿ. ತಿಂಗಳಿಗೊಮ್ಮೆ ನೀವೇ ಹೋಗಿ ಎಣಿಸಿ, ಹೋದ ಪೀಸಿಗೆ ಹಣ ಪಡೆದು, ಹೋಗದ ಸೈಜನ್ನು ಬದಲಾಯಿಸಿ. ಎರಡು ತಿಂಗಳು ಅಲುಗಾಡದ್ದನ್ನು ವಾಪಸು ತನ್ನಿ. ಕಪಾಟಿನಲ್ಲಿ ಮಾಸಿ, ಲಿಪ್‌ಸ್ಟಿಕ್ ಕಲೆ ಬಿದ್ದ ಪೀಸಿನ ನಷ್ಟ ಯಾರದ್ದೆಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಸಂಕೋಚವಾಗುತ್ತದೆ, ಆದರೂ ಮಾತಾಡಿ.

ಸರಕನ್ನು ಖರೀದಿಯಾಗಿಯೇ ತೆಗೆದುಕೊಂಡ ಅಂಗಡಿಯವರ ವಿಷಯ ಬೇರೆ. ಉದ್ಯಮ್ ನೋಂದಣಿಯಿರುವ (ಸರಕಾರದಲ್ಲಿ ಸಣ್ಣ ಉದ್ಯಮವೆಂದು ದಾಖಲಾದ) ಸಣ್ಣ ತಯಾರಕರಿಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕೆಂದು 2006ರ ಎಂ.ಎಸ್.ಎಂ.ಇ. (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಮಾರಾಟವೇ ಆಗದೆ ಸುಮ್ಮನೆ ಇಟ್ಟುಹೋದ ಸರಕಿಗೆ ಈ ನಿಯಮದ ಆಸರೆ ಸಿಗುವುದು ಕಷ್ಟ. ಉದ್ಯಮ್ ನೋಂದಣಿಗೆ ಸರಕಾರಿ ಪೋರ್ಟಲ್‌ನಲ್ಲಿ ಶುಲ್ಕವಿಲ್ಲ, ಹಣ ಕೇಳುವ ತಾಣಗಳೆಲ್ಲ ಮಧ್ಯವರ್ತಿಗಳವು.

ಕಾಲದ ವಿಚಾರ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ತುಳು ಲೆಕ್ಕದ ಆಟಿ ತಿಂಗಳು. ಮದುವೆಗಳಿಲ್ಲ, ಅಂಗಡಿಗಳಲ್ಲಿ ರಿಯಾಯಿತಿ ಮಾರಾಟದ ಭರಾಟೆ. ಪೂರ್ಣ ಬೆಲೆಯ ಹೊಸ ಸರಕನ್ನು ಆಗ ಇಳಿಸಬೇಡಿ. ಆಟಿ ಕಳೆದ ಕೂಡಲೇ ಅಷ್ಟಮಿ, ಚೌತಿ, ಸೆಪ್ಟೆಂಬರ್ 8ರಂದು ಕ್ರೈಸ್ತರ ಮೊಂತಿ ಹಬ್ಬ, ದಸರಾ, ದೀಪಾವಳಿ ಸಾಲಾಗಿ ಬರುತ್ತವೆ. ಸರಕು ಆ ಹೊತ್ತಿಗೆ ಕೈಯಲ್ಲಿರಬೇಕು. ಬಟ್ಟೆಯನ್ನು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲೇ ತರಿಸಿ, ನೆನೆಸಿ ಒಣಗಿಸಿಕೊಳ್ಳಿ. ಜೂನ್ ಬಂದ ಮೇಲೆ ಇಲ್ಲಿ ಹತ್ತಿಬಟ್ಟೆ ಒಣಗುವುದೂ ಇಲ್ಲ, ಗೋಡೆಗೆ ತಾಗಿಸಿಟ್ಟ ಕಟ್ಟಿಗೆ ಬೂಷ್ಟು ಹಿಡಿಯದೆ ಇರುವುದೂ ಇಲ್ಲ. ಪೂರ್ತಿ ಒಣಗದ ಕುರ್ತಿಯನ್ನು, ಇಸ್ತ್ರಿಯ ಹಬೆ ಆರುವ ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಕಪ್ಪು ಚುಕ್ಕೆಗಳು ಖಂಡಿತ. ಕಟ್ಟುಗಳನ್ನು ನೆಲದಿಂದ ಎತ್ತರದಲ್ಲಿ, ಗೋಡೆಯಿಂದ ಗೇಣು ದೂರದಲ್ಲಿಡಿ.

ಪ್ರಶ್ನೆ (ಸುರತ್ಕಲ್‌ನಿಂದ): ಸಾಲ, ತರಬೇತಿ ಮತ್ತು ಬ್ರ್ಯಾಂಡ್ ಹೆಸರಿನ ಬಗ್ಗೆಯೂ ತಿಳಿಸುವಿರಾ?

ಉತ್ತರ: ಹೆಸರನ್ನು ಲೇಬಲ್ ಮುದ್ರಿಸುವ ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ತಾಣದಲ್ಲಿ ಉಚಿತವಾಗಿ ಹುಡುಕಿ ನೋಡಿ. ಉಡುಪುಗಳು 25ನೇ ವರ್ಗಕ್ಕೆ ಬರುತ್ತವೆ. ವೈಯಕ್ತಿಕ ಅರ್ಜಿದಾರರಿಗೆ ಆನ್‌ಲೈನ್ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ, ನೋಂದಣಿಯಾದರೆ ಹತ್ತು ವರ್ಷ ಊರ್ಜಿತ. ತರಬೇತಿಗೆ 1982ರಿಂದ ನಡೆಯುತ್ತಿರುವ ಉಜಿರೆಯ ರುಡ್‌ಸೆಟ್ ಸಂಸ್ಥೆ ಹತ್ತಿರದಲ್ಲೇ ಇದೆ, ಊಟ ವಸತಿಯೂ ಉಚಿತ. ಹೊಲಿಗೆ ಬಲ್ಲವರೂ ಅಲ್ಲಿನ ಉದ್ಯಮಶೀಲತಾ ತರಗತಿಗಳಿಗೆ ಹೋಗಬಹುದು.

ಸಾಲದಲ್ಲಿ ಐವತ್ತು ಸಾವಿರದವರೆಗಿನ ಕೇಂದ್ರ ಸರಕಾರದ ಮುದ್ರಾ ಯೋಜನೆಯ ಶಿಶು ಸಾಲ ಒಂದು ಓವರ್‌ಲಾಕ್ (ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ) ಯಂತ್ರಕ್ಕೆ ಸಾಕು. ದೊಡ್ಡ ಘಟಕ ಹಾಕುವವರು ಪಿ.ಎಂ.ಇ.ಜಿ.ಪಿ. (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ನೋಡಬಹುದು. ಅದರ ನಿಯಮದಂತೆ ಗ್ರಾಮೀಣ ಪ್ರದೇಶದ ಮಹಿಳೆಗೆ ಯೋಜನಾ ವೆಚ್ಚದ ಶೇಕಡಾ 35, ನಗರದಲ್ಲಾದರೆ ಶೇಕಡಾ 25 ಸಹಾಯಧನ, ಸ್ವಂತ ಪಾಲು ಶೇಕಡಾ 5. ಸಹಾಯಧನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆಯೆಂದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಇದು ಹೊಸ ಘಟಕಗಳಿಗೆ ಮಾತ್ರ ಇರುವ ಯೋಜನೆಯಾದ್ದರಿಂದ, ಈ ಸಾಲ ಬೇಕೆಂದಿದ್ದವರು ಉತ್ಪಾದನೆ ಆರಂಭಿಸಿ ಉದ್ಯಮ್ ನೋಂದಣಿ ಮಾಡಿಸುವ ಮೊದಲೇ ಮಂಗಳೂರಿನ ಯೆಯ್ಯಾಡಿಯ ಅಥವಾ ಮಣಿಪಾಲದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂದು ಕೇಳಿ, ಯಂತ್ರಗಳ ಕೊಟೇಶನ್‌ಗಳನ್ನು ಜೊತೆಯಲ್ಲಿಟ್ಟುಕೊಂಡು ಅರ್ಜಿ ಹಾಕಬೇಕು.