ಅಜ್ಜನ ಕ್ಷೌರದ ಕತ್ತಿ ಗಡ್ಡ ಕೀಳುತ್ತಿದೆ, ಪಟ್ಟಿ ಉಜ್ಜಿದರೂ ಸರಿಹೋಗುತ್ತಿಲ್ಲ

ಪ್ರಶ್ನೆ: ಅಣ್ಣಾ, ನಮಸ್ಕಾರ. ಊರಿನ ಮನೆಯ ಅಟ್ಟದಲ್ಲಿ ಅಜ್ಜನ ಮಡಚುವ ಕತ್ತಿ ಸಿಕ್ಕಿತು. ಬುಡದಲ್ಲಿ ಸೋಲಿಂಗೆನ್ ಎಂದು ಕೆತ್ತಿದೆ. ಬೆನ್ನಿನ, ಅಂದರೆ ದಪ್ಪ ಅಂಚಿನ, ಹತ್ತಿರ ಸ್ವಲ್ಪ ತುಕ್ಕು ಬಿಟ್ಟರೆ ಚೆನ್ನಾಗಿದೆ. ಚರ್ಮದ ಪಟ್ಟಿ ತರಿಸಿ, ವಿಡಿಯೊ ನೋಡಿ, ದಿನಾ ಐವತ್ತು ಸಲ ಉಜ್ಜುತ್ತಿದ್ದೇನೆ. ಆದರೂ ಗಡ್ಡ ಕಿತ್ತ ಹಾಗಾಗುತ್ತದೆ. ಗದ್ದದಲ್ಲಿ ಎರಡು ಗಾಯ, ಪಟ್ಟಿಯಲ್ಲೂ ಒಂದು ಕಚ್ಚು. ನನ್ನ ಕೈ ಸರಿ ಇಲ್ವಾ, ಕತ್ತಿ ಸರಿ ಇಲ್ವಾ?

ಉತ್ತರ: ಮೊದಲು ಕತ್ತಿ, ಆಮೇಲೆ ಕೈ. ಪಟ್ಟಿ ಉಜ್ಜಿದರೆ ಹರಿತ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಬರುವುದಿಲ್ಲ ತಮ್ಮಾ. ಹರಿತ ಬರುವುದು ಕಲ್ಲಿನಿಂದ. ಗಡ್ಡ ತೆಗೆದಾಗ ಕತ್ತಿಯ ಬಾಯಿ, ಅಂದರೆ ಕೊಯ್ಯುವ ತೆಳು ಅಂಚು, ಅಲ್ಲಲ್ಲಿ ಬಾಗುತ್ತದೆ. ಅದನ್ನು ನೆಟ್ಟಗೆ ಮಾಡುವುದು ಪಟ್ಟಿಯ ಕೆಲಸ. ಮೊಂಡಾದ ಕತ್ತಿಯನ್ನು ಐನೂರು ಸಲ ಉಜ್ಜಿದರೂ ಅದು ಮೊಂಡೇ.

ಸೋಲಿಂಗೆನ್ ಜರ್ಮನಿಯ ಊರು. ಆ ಹೆಸರನ್ನು ಅಲ್ಲಿ ಮಾಡಿದ ಮಾಲಿಗೆ ಮಾತ್ರ ಹಾಕಬೇಕು ಅಂತ 1938ರಲ್ಲೇ ಅಲ್ಲಿ ಕಾನೂನು ಬಂದಿದೆ. ಉಕ್ಕು ಒಳ್ಳೆಯದೇ ಇರಬಹುದು. ಬೆನ್ನಿನ ತುಕ್ಕಿಗೆ ಚಿಂತೆ ಬೇಡ. ತುಕ್ಕು ಬಾಯಿಯನ್ನು ತಿಂದು ಗುಳಿ ಮಾಡಿದ್ದರೆ ಮಾತ್ರ ಕಷ್ಟ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಸೈಕಲ್ ತುಳಿಯುತ್ತಾ ಸಾಣೆ ಹಿಡಿಯುವವರ ಕೈಗೆ ಇದನ್ನು ಕೊಡಬೇಡಿ. ಈಳಿಗೆಗೆ, ಕುಡುಗೋಲಿಗೆ ಅವರು ಸರಿ. ಈ ಕತ್ತಿಯ ಹೊಟ್ಟೆ ಒಳಕ್ಕೆ ಬಾಗಿ, ಬಾಯಿಯ ಹತ್ತಿರ ತೀರಾ ತೆಳ್ಳಗಿರುತ್ತದೆ. ತಿರುಗುವ ಚಕ್ರಕ್ಕೆ ಹಿಡಿದರೆ ಕಾದು ಉಕ್ಕಿನ ಹದ ಹೋಗುತ್ತದೆ.

ಬೇಕಾದ್ದು ನೀರಿನ ಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು. ನಂಬರ್ ಹೆಚ್ಚಿದಷ್ಟೂ ಕಲ್ಲು ನುಣುಪು. ಬಾಯಿ ಪೂರ್ತಿ ಹೋಗಿದ್ದರೆ 1000 ನಂಬರ್, ಆಮೇಲೆ 4000, 8000, ಕೊನೆಗೆ 12000. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಓರೆ ಎಷ್ಟು ಅಂತ ನೀವು ಲೆಕ್ಕ ಹಾಕಬೇಕಿಲ್ಲ, ಬೆನ್ನಿನ ದಪ್ಪವೇ ಅದನ್ನು ನೋಡಿಕೊಳ್ಳುತ್ತದೆ. ಕಲ್ಲಿನ ಮೇಲೆ ಬಾಯಿ ಮುಂದು, ಪಟ್ಟಿಯ ಮೇಲೆ ಬೆನ್ನು ಮುಂದು. ಮೊದಲ ಸಲ ಗೊತ್ತಿದ್ದವರ ಕೈಲೇ ಮಸೆಸಿ.

ಈಗ ಪಟ್ಟಿ. ಒಂದು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಪಟ್ಟಿ ಜೋತುಬಿದ್ದರೆ ಬಾಯಿ ದುಂಡಗಾಗುತ್ತದೆ. ಕತ್ತಿಯನ್ನು ಪೂರ್ತಿ ಮಲಗಿಸಿ. ಒತ್ತಬೇಡಿ, ಅದರ ಭಾರವೇ ಸಾಕು. ಬಟ್ಟೆಯ ಬದಿಗೆ 20 ಸಲ, ಚರ್ಮದ ಬದಿಗೆ 40–50 ಸಲ.

ಹೊಸಬರು ಕೆಡಿಸುವುದು ಎಳೆಯುವಾಗ ಅಲ್ಲ, ತಿರುಗಿಸುವಾಗ. ತುದಿಗೆ ಬಂದ ಮೇಲೆ ಕತ್ತಿ ನಿಲ್ಲಬೇಕು. ನಿಂತ ಮೇಲೆ ಬೆನ್ನಿನ ಮೇಲೆಯೇ ಉರುಳಬೇಕು. ಮಣಿಕಟ್ಟು ಆಡಬಾರದು. ಹೆಬ್ಬೆರಳು, ತೋರುಬೆರಳ ನಡುವೆ ಕತ್ತಿಯ ಬುಡ ಉರುಳಬೇಕು, ದೀಪದ ಬತ್ತಿ ಹೊಸೆದ ಹಾಗೆ. ನೀವು ನಿಲ್ಲುವ ಮೊದಲೇ ತಿರುಗಿಸಿದ್ದೀರಿ, ಬಾಯಿ ಚರ್ಮ ಕಚ್ಚಿದೆ. ಪಟ್ಟಿಯ ಗಾಯವೇ ಹೇಳುತ್ತಿದೆ.

ನಮ್ಮಪ್ಪನ ಹಡಪದಲ್ಲಿ, ಅಂದರೆ ಕ್ಷೌರದ ಚೀಲದಲ್ಲಿ, ಒಂದು ಮೊಂಡು ಕತ್ತಿ ಇತ್ತು. ಮೂರು ತಿಂಗಳು ಅದರಲ್ಲೇ ನನಗೆ ಪಟ್ಟಿ ಉಜ್ಜಿಸಿದರು. ರೇಡಿಯೊ ವಾರ್ತೆ ಕೇಳುತ್ತಾ, ನನ್ನ ಕಡೆ ನೋಡದೆಯೇ, ‘ಈಗ ಬೆನ್ನು ಎದ್ದಿತು’ ಅನ್ನುತ್ತಿದ್ದರು. ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಅವರು ಮಾತ್ರ ಅಂಗೈ ಮೇಲೆಯೇ ಉಜ್ಜುತ್ತಿದ್ದರು. ಅದನ್ನು ನೀವು ಮಾಡಬೇಡಿ.

ಪ್ರಶ್ನೆ: ಹರಿತ ಬಂತಾ ಅಂತ ನೋಡುವುದು ಹೇಗೆ ಅಣ್ಣಾ? ಕೂದಲು ತಾಗಿಸಿ ನೋಡಬೇಕು ಅಂತಾರಲ್ಲ?

ಉತ್ತರ: ತಲೆಕೂದಲಿನ ಎಳೆಯನ್ನು ಕತ್ತಿಯ ಬಾಯಿಗೆ ತಾಗಿಸಿದರೆ ತುಂಡಾಗಬೇಕು ಅಂತಾರೆ. ಕೂದಲು ಒಬ್ಬೊಬ್ಬರದು ಒಂದೊಂದು ಥರ, ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಕೆನ್ನೆ ಹೇಳಿದ್ದೇ ಸರಿ. ಬಿಸಿನೀರಿನ ಸ್ನಾನ ಆದ ಮೇಲೆ ಕೂತುಕೊಳ್ಳಿ. ನೊರೆ ದಪ್ಪಗಿರಲಿ. ಇನ್ನೊಂದು ಕೈಯಲ್ಲಿ ಚರ್ಮ ಬಿಗಿ ಹಿಡಿಯಿರಿ. ಕತ್ತಿ 30 ಡಿಗ್ರಿ ಓರೆ ಇದ್ದರೆ ಸಾಕು. ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಬಾಯಿ ಅಡ್ಡಕ್ಕೆ ಜಾರಿತೋ, ಸೀಳಿತು ಅಂತಲೇ. ಮೊದಲ ವಾರ ಕೆನ್ನೆ ಮಾತ್ರ, ಉಳಿದದ್ದಕ್ಕೆ ನಿಮ್ಮ ಮಾಮೂಲಿ ರೇಜರ್. ಗದ್ದ, ಮೇಲ್ದುಟಿ ಕೊನೆಗೆ. ನೀವು ಶುರುವಿಗೇ ಗದ್ದಕ್ಕೆ ಹೋಗಿದ್ದೀರಿ, ಅಲ್ವಾ?

ಇನ್ನೊಬ್ಬರ ಪ್ರಶ್ನೆ: ಕಾಕಾ, ನಮ್ಮ ಮನೆಯವರು ಸೊಂಟದ ಬೆಲ್ಟಿಗೇ ಉಜ್ಜುತ್ತಾರೆ. ನಡೆಯುತ್ತಾ?

ಉತ್ತರ: ಅಕ್ಕಾರೇ, ನಿಜವಾದ ಚರ್ಮ, ನುಣುಪು, ಅಗಲ ಇದ್ದರೆ ನಡೆಯುತ್ತದೆ. ರೆಕ್ಸಿನ್ ಆಗುವುದಿಲ್ಲ. ಹೊಲಿಗೆ, ತೂತು, ಅಚ್ಚಿನ ಚಿತ್ತಾರ ಇದ್ದರೂ ಆಗುವುದಿಲ್ಲ. ಉಜ್ಜಲಿಕ್ಕೆ ಇಟ್ಟ ಬೆಲ್ಟನ್ನು ಮತ್ತೆ ಸೊಂಟಕ್ಕೆ ಹಾಕಬಾರದು. ಅದರ ಮೇಲೆ ಕೂತ ಒಂದು ಮರಳಿನ ಕಣ ಸಾಕು ಬಾಯಿ ಹಾಳಾಗಲು.

ಇನ್ನೊಬ್ಬರ ಪ್ರಶ್ನೆ: ಕ್ಷೌರದ ಅಂಗಡಿಗಳಲ್ಲಿ ಈಗ ಈ ಕತ್ತಿ ಕಾಣುವುದೇ ಇಲ್ಲವಲ್ಲ? ಅರ್ಧ ಬ್ಲೇಡಿನ ಕತ್ತಿಯಲ್ಲಿ ಕಲಿತರೆ ಸುಲಭವಾ?

ಉತ್ತರ: ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರದು, ಅದಕ್ಕೆ. ಹೆಪಟೈಟಿಸ್ ಬಿ, ಎಚ್‌ಐವಿ ಭಯ ಬಂದ ಮೇಲೆ ತಲೆಗೊಂದು ಅರ್ಧ ಬ್ಲೇಡು ಅಂತಾಯಿತು. ನಾನೂ ಹಳೆ ಕತ್ತಿಯನ್ನು ಎತ್ತಿಟ್ಟೆ, ಬೇಸರವಿಲ್ಲ. ಮನೆಯಲ್ಲೂ ಅಷ್ಟೇ, ಒಬ್ಬರ ಕತ್ತಿ ಒಬ್ಬರಿಗೇ. ಕಲಿಯಲು ಅರ್ಧ ಬ್ಲೇಡು ಸುಲಭ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ಹಗುರ, ತುಂಬಾ ಚೂಪು, ಸಣ್ಣ ತಪ್ಪಿಗೂ ರಕ್ತ. ಪಟ್ಟಿಯ ಕೆಲಸ ಇಲ್ಲ ಅನ್ನುವುದೊಂದೇ ಲಾಭ.

ಮೊದಲಿನವರು: ಅಣ್ಣಾ, ಕಲ್ಲಿಗೆ ಹಾಕಿಸಿದೆ. ಇವತ್ತು ಬಲಗೆನ್ನೆ ಚೆನ್ನಾಗಿ ಬಂತು. ಎಡಗೆನ್ನೆಗೆ ಕೈ ಅಡ್ಡ ಬರುತ್ತಿದೆ, ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ.

ಉತ್ತರ: ನಾವು ಕುರ್ಚಿ ಸುತ್ತ ನಡೆಯುತ್ತೇವೆ, ನಿಮಗೆ ಆ ಅನುಕೂಲ ಇಲ್ಲ. ಎಡಗೈ ಕಲಿಯಿರಿ. ನೊರೆ ಹಚ್ಚಿ, ಹಳೆಯ ಎಟಿಎಂ ಕಾರ್ಡ್ ಹಿಡಿದು ಎಡಗೈಯಲ್ಲಿ ಎಡಗೆನ್ನೆಯ ನೊರೆ ತೆಗೆಯಿರಿ. ನಗಬೇಡಿ, ಒಂದು ವಾರ ಮಾಡಿ ನೋಡಿ. ಕತ್ತಿಯನ್ನು ಚೆನ್ನಾಗಿ ಒರೆಸಿ, ಒಣಗಿಸಿ, ಹೊಲಿಗೆ ಮಿಷಿನ್ ಎಣ್ಣೆ ಒಂದು ಹನಿ ಸವರಿ. ಬಚ್ಚಲಲ್ಲಿ ಮಾತ್ರ ಇಡಬೇಡಿ.