ಎನಾಮಲ್ ಹೊಡೆದ ಬಾಗಿಲಲ್ಲಿ ಬ್ರಷ್ ಗೆರೆ, ಏನು ಬೆರೆಸಬೇಕು?

ತೀರ್ಥಹಳ್ಳಿ ಹಳೇಮನೆ:
ಅಜ್ಜನ ಕಾಲದ ಹಲಸಿನ ಬಾಗಿಲುಗಳಿಗೆ ನಾನೇ ಎನಾಮಲ್ ಹೊಡೆಯುತ್ತಿದ್ದೇನೆ. ಮೊದಲನೇ ಬಾಗಿಲು ನೋಡಿದರೆ ಬಾಚಣಿಗೆ ಎಳೆದ ಹಾಗಿದೆ. ಬಣ್ಣ ಗಟ್ಟಿ, ಬ್ರಷ್ಷನ್ನೇ ಹಿಡಿದುಕೊಳ್ಳುತ್ತದೆ. ಪಕ್ಕದ ಮನೆಯವರು ಸೀಮೆಎಣ್ಣೆ ಹಾಕು ಅಂದರು, ಅಂಗಡಿಯಲ್ಲಿ ಥಿನ್ನರ್ ಕೊಟ್ಟರು, ಅಮೆರಿಕದವರ ವಿಡಿಯೋದಲ್ಲಿ ಪೆನೆಟ್ರಾಲ್ ಅಂತ ಏನೋ ಸುರಿಯುತ್ತಾರೆ. ಯಾವುದನ್ನು ನಂಬಲಿ?

ಬ್ರಷ್ ಹಿಡಿದವ:
ಸೀಮೆಎಣ್ಣೆ ಬೇಡ ಮಾರಾಯ್ರೆ. ಬೇಗ ಆರುವುದಿಲ್ಲ, ಜಿಡ್ಡು ಉಳಿದು ಹೊಳಪೂ ಹೋಗುತ್ತದೆ. ಆ ಥಿನ್ನರ್ ಡಬ್ಬಿ ಮೇಲೆ ಎನ್‌ಸಿ ಅಂತ ಇದೆಯಾ ನೋಡಿ. ಇದ್ದರೆ ವಾಪಸ್ ಕೊಡಿ, ಅದು ಲ್ಯಾಕರ್ ಅನ್ನುವ ಬೇರೆ ಥರದ ಪಾಲಿಶ್‌ಗೆ. ಎನಾಮಲ್‌ಗೆ ಹಾಕಿದರೆ ಕೆಳಗಿನ ಹಳೇ ಬಣ್ಣ ಸುಕ್ಕುಗಟ್ಟಿ ಎದ್ದುಬಿಡಬಹುದು. ನಿಮಗೆ ಬೇಕಾದ್ದು ಮಿನರಲ್ ಟರ್ಪೆಂಟೈನ್, ಎಂಟಿಒ ಅಂದರೂ ಕೊಡುತ್ತಾರೆ. ಲೀಟರಿಗೆ 50 ಎಂಎಲ್ ಹಾಕಿ, ಚೆನ್ನಾಗಿ ಕಲಸಿ, ಯಾವುದಾದರೂ ಹಳೇ ಹಲಗೆ ಮೇಲೆ ಹೊಡೆದು ನೋಡಿ. ನಾನು 100 ದಾಟುವುದಿಲ್ಲ, ನಿಂತ ಬಾಗಿಲಲ್ಲಿ ಸೋರುತ್ತದೆ.

ಶಿವಮೊಗ್ಗ ಮರಗೆಲಸ:
ಟರ್ಪೆಂಟೈನ್ ಬಣ್ಣವನ್ನು ತೆಳು ಮಾಡುತ್ತದೆ ಅಷ್ಟೇ, ಆಮೇಲೆ ಹಾರಿಹೋಗುತ್ತದೆ. ಪೆನೆಟ್ರಾಲ್ ಹಾಗಲ್ಲ, ಅದರಲ್ಲಿ ಆರಿ ಗಟ್ಟಿಯಾಗುವ ಎಣ್ಣೆಯ ಅಂಶ ಇರುತ್ತದೆ. ಬಣ್ಣ ಸ್ವಲ್ಪ ಹೊತ್ತು ಜಾಸ್ತಿ ಹಸಿಯಾಗಿದ್ದು ಗೆರೆ ತಾನೇ ಕೂಡಿಕೊಳ್ಳುತ್ತದೆ. ಒಳ್ಳೇದೇ, ಆದರೆ ನಾಲ್ಕು ಬಾಗಿಲಿಗೋಸ್ಕರ ಹೊರಗಿಂದ ತರಿಸುವಷ್ಟಿಲ್ಲ.

ಅದರ ಬದಲು ಬಾಯ್ಲ್ಡ್ ಅಗಸೆ ಎಣ್ಣೆ ಹಾಕಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನಾನೂ ಹಾಕಿದ್ದೆ, ಅದೂ ಜುಲೈ ಮಳೆಯಲ್ಲಿ! ನಾಲ್ಕು ದಿನ ಆದರೂ ಬೆರಳು ಅಂಟುತ್ತಿತ್ತು, ಒಳಕೋಣೆಯ ಬಿಳಿ ಬಾಗಿಲು ವರ್ಷದೊಳಗೆ ಹಳದಿ. ಇನ್ನೊಂದು, ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಬ್ರಷ್ ಹಿಡಿದವ:
ಅದು ಸರಿ. ಆದರೆ ಏನು ಬೆರೆಸಿದರೂ ಅರ್ಧ ಗೆರೆ ಕೈಯಿಂದಲೇ ಬರುವುದು. ಆರಲು ಶುರುವಾದ ಬಣ್ಣದ ಮೇಲೆ ಚಂದ ಕಾಣಲಿ ಅಂತ ಮತ್ತೆ ಬ್ರಷ್ ಆಡಿಸುತ್ತೀರಿ, ಅಲ್ವಾ? ಬಿಟ್ಟುಬಿಡಿ. ಈಗಿರುವ ಗೆರೆ ಪೂರ್ತಿ ಗಟ್ಟಿಯಾದ ಮೇಲೆ 320 ನಂಬರ್ ಸ್ಯಾಂಡ್ ಪೇಪರ್ ಹೊಡೆಯಿರಿ, ಬಾಗಿಲು ಕಳಚಿ ಮಲಗಿಸಿ ತೆಳುವಾಗಿ ಒಂದು ಕೋಟ್ ಕೊಡಿ. ಈಗ ಇಬ್ಬನಿ ಕಾಲ ಬೇರೆ. ಬೆಳಿಗ್ಗೆ ಮರ ಮುಟ್ಟಿ ನೋಡಿ, ತಣ್ಣಗೆ ಪಸೆ ಇದ್ದರೆ ಹತ್ತು ಗಂಟೆವರೆಗೆ ಕಾಯಿರಿ. ಸಂಜೆ ಹೊಡೆದರೆ ರಾತ್ರಿ ತೇವಕ್ಕೆ ಹೊಳಪು ಮಂಕಾಗುತ್ತದೆ.

ತೀರ್ಥಹಳ್ಳಿ ಹಳೇಮನೆ:
ಡಬ್ಬಿ ಮೇಲೆ ಎನ್‌ಸಿ ಅಂತಲೇ ಇತ್ತು, ಸದ್ಯ ಮುಚ್ಚಳ ತೆಗೆದಿರಲಿಲ್ಲ. ಟರ್ಪೆಂಟೈನ್ ಲೀಟರಿಗೆ 70ರ ಲೆಕ್ಕದಲ್ಲಿ ಹಾಕಿದಾಗ ಹಲಗೆ ಮೇಲೆ ಗೆರೆ ಹೆಚ್ಚುಕಡಿಮೆ ಮಾಯ. ಬಾಗಿಲು ಕಳಚಿ ಜಗಲಿಯಲ್ಲಿ ಮಲಗಿಸಿದ್ದೇನೆ. ರಾತ್ರಿ ನಾಯಿ ಒಳಗೆ ಬರದ ಹಾಗೆ ಅಡಿಕೆ ದಬ್ಬೆಯ ತಟ್ಟಿ ಅಡ್ಡ ಇಟ್ಟಿದ್ದೇವೆ, ಅಮ್ಮನ ಬೈಗುಳ ಇನ್ನೂ ನಿಂತಿಲ್ಲ.